ಕಲ್ಲು ಸಿಡಿದ ಗುರುತು

“ಕೀ ಕೊಡಿ ಅಪ್ಪ,” ಎಂದು ಮಗಳು ಮೂರನೇ ಸಲ ಕೈ ಚಾಚಿದಳು. ಅಪ್ಪ ಮೂರನೇ ಸಲವೂ ಪ್ಯಾಂಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು.

“ಮುಂದೆ ನಿಮ್ಮಮ್ಮ, ಹಿಂದೆ ನನ್ನ ಕಾರು. ನಾನೇ ಓಡಿಸಿಕೊಂಡು ಬರ್ತೀನಿ. ಇದರಲ್ಲಿ ಎರಡನೇ ಮಾತಿಲ್ಲ.”

ಗೇಟಿನ ಹೊರಗೆ ಶವದ ವ್ಯಾನು ಎಂಜಿನ್ ಆರಿಸದೆ ನಿಂತಿತ್ತು. ಒಳಗೆ ಅಮ್ಮ ಮಲಗಿದ್ದಳು. ಸ್ಮಶಾನದವರು ಕೊಟ್ಟಿದ್ದ ಸಮಯ ಹನ್ನೊಂದು ಗಂಟೆ, ಈಗಾಗಲೇ ಹತ್ತೂವರೆ ದಾಟಿತ್ತು. ವ್ಯಾನಿನ ಚಾಲಕ ಗಡಿಯಾರ ನೋಡಿಕೊಂಡ, ಮಗಳ ಮುಖ ನೋಡಿದ, ಆದರೆ ತುಟಿಪಿಟಕ್ಕೆನ್ನಲಿಲ್ಲ. ಅವನಿಗೆ ಕ್ಲಚ್ಚು, ಬ್ರೇಕು ಹೇಳಿಕೊಟ್ಟ ಮೇಷ್ಟ್ರು ಅಪ್ಪನೇ. ಬೀದಿಯಲ್ಲಿ ನೆರೆದಿದ್ದ ಅರ್ಧ ಜನ ಅವರ ಹತ್ತಿರವೇ ಡ್ರೈವಿಂಗ್ ಕಲಿತವರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಎಲ್ಲರೂ ಮಗಳಿಗೇ ಬಿಟ್ಟು ಕೈಕಟ್ಟಿ ನಿಂತಿದ್ದರು.

“ಟ್ಯಾಕ್ಸಿ ಕರೆಸಿದೀನಿ ಅಪ್ಪ. ನಿಮ್ಮ ಕಣ್ಣು…”

“ಕಣ್ಣಿಗೇನಾಗಿದೆ? ಮೂವತ್ತೆಂಟು ವರ್ಷ ಊರಿಗೆಲ್ಲ ಕಲಿಸಿದೀನಿ. ಈ ಕಾರು ತಗೊಂಡು ಹತ್ತೊಂಬತ್ತು ವರ್ಷ ಆಯ್ತು. ಒಂದು ಗೀರು ತೋರಿಸು ನೋಡೋಣ!”

ಮಗಳಿಗೆ ನಗು ಬಂತು. ಅಮ್ಮನನ್ನು ಕಳಿಸಿಕೊಡುವ ದಿನ ನಗು ಬರಬಾರದು, ಆದರೂ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಎರಡು ವರ್ಷದಿಂದ ಅಪ್ಪನಿಗೆ ನೇರಕ್ಕಿದ್ದದ್ದು ಕಾಣುತ್ತಿತ್ತೇ ಹೊರತು ಪಕ್ಕದ್ದು ಕಾಣುತ್ತಿರಲಿಲ್ಲ. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಅಪ್ಪ ಡಾಕ್ಟರನ್ನೇ ಬದಲಾಯಿಸಿದ್ದರು.

ಕಾರಿನ ಹಿಂದಿನ ಸೀಟಿನಿಂದ ಅತ್ತೆ ತಲೆ ಹೊರಹಾಕಿದರು. ಅಪ್ಪನ ಅಕ್ಕ. ಎಂಬತ್ತು ದಾಟಿದ ಜೀವ, ಅರ್ಧ ಗಂಟೆಯಿಂದ ಅಲ್ಲೇ ಪಟ್ಟಾಗಿ ಕೂತಿದ್ದರು.

“ನೀನು ಸುಮ್ಮನಿರೇ. ನನ್ನ ತಮ್ಮ ಗಾಡಿ ಓಡಿಸಿದ್ರೆ ಹೊಟ್ಟೆಯೊಳಗಿನ ನೀರು ಅಲ್ಲಾಡಲ್ಲ.”

*

ಭಾನುವಾರ ಮಧ್ಯಾಹ್ನ ಅಪ್ಪನ ಗೊರಕೆ ಶುರುವಾದೊಡನೆ ಅಮ್ಮನ ಕೆಲಸ ಶುರುವಾಗುತ್ತಿತ್ತು. ಶೆಡ್ಡಿನಲ್ಲಿ ಕಾರಿನ ಎಡಬಾಗಿಲ ಮುಂದೆ ಮೋಟು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಗೀರನ್ನು ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಅದರ ಅಂಚನ್ನು ಉಪ್ಪುಕಾಗದದ ಚೂರಿನಿಂದ ಹಗುರಾಗಿ ಉಜ್ಜುವಳು. ತಗಡು ಕಂಡಲ್ಲಿ ಮೊದಲು ತುಕ್ಕು ತಡೆಯುವ ಪ್ರೈಮರ್ ಲೇಪ. ಅದು ಒಣಗಿದ ಮೇಲೆ ಬೆಂಕಿಕಡ್ಡಿಯ ತುದಿಯಿಂದ ಕಡುಗೆಂಪು ಬಣ್ಣದ ಒಂದು ಚುಕ್ಕೆ. ಅದೂ ಒಣಗಿದ ಮೇಲೆ ಇನ್ನೊಂದು. ಮೂವತ್ತು ವರ್ಷ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಹುಳುಕು ತುಂಬಲು ನೆರವಾದವಳು, ಅವಸರ ಅನ್ನುವುದು ಅವಳ ಕೈಗೆ ಗೊತ್ತಿರಲಿಲ್ಲ.

ಮೊದಮೊದಲು ಅವೆಲ್ಲ ನಿಜವಾಗಿಯೂ ಲಾರಿ ಚಕ್ರದಿಂದ ಸಿಡಿದ ಕಲ್ಲಿನ ಗುರುತುಗಳೇ. ಆಮೇಲಾಮೇಲೆ ಕಲ್ಲುಗಳು ಉದ್ದವಾಗತೊಡಗಿದವು.

“ಅಮ್ಮಾ, ಇದು ಕಲ್ಲಾ? ಗೇಣುದ್ದ ಇದೆ!”

“ಮೆಲ್ಲಗೆ ಮಾತಾಡು, ಎದ್ದುಬಿಡ್ತಾರೆ. ಹಾಗೇ ಬಿಟ್ರೆ ತುಕ್ಕು ಒಳಗೊಳಗೇ ತಿಂದುಹಾಕತ್ತೆ.”

“ತಿನ್ನಲಿ! ಅಪ್ಪನ ಕಣ್ಣಿಗೆ ಬೀಳಲಿ. ನೀನು ಹೀಗೆ ಬಳೀತಾ ಕೂತಿರು, ಅವರು ಒಂದಿನ ಯಾರನ್ನಾದ್ರೂ ಕೆಡವ್ತಾರೆ. ಆಗ ಯಾವ ಬಣ್ಣ ಹಚ್ತೀಯ?”

ಅಮ್ಮ ಚುಕ್ಕೆಯ ಮೇಲೆ ಉಫ್ ಎಂದು ಊದಿದಳು.

“ಊರಿಗೆಲ್ಲ ಮೇಷ್ಟ್ರು ಕಣೇ ಅವರು. ಅದೊಂದು ಹೋದ್ರೆ ಮೂಲೆ ಹಿಡಿದುಬಿಡ್ತಾರೆ. ನಾನಿರ್ತೀನಲ್ಲ ಪಕ್ಕದಲ್ಲಿ.”

ಇದೂ ಒಂದು ಉತ್ತರವೇ? ಮಗಳು ಕಾಫಿಯನ್ನೂ ಕುಡಿಯದೆ ಎದ್ದು ಹೋಗಿದ್ದಳು.

*

“ಗೀರು ತೋರಿಸಬೇಕಾ? ಬನ್ನಿ.”

ಮಗಳು ಅಪ್ಪನ ಮಣಿಕಟ್ಟು ಹಿಡಿದು ಕಾರಿನ ಎಡಮಗ್ಗುಲಿಗೆ ಕರೆದೊಯ್ದಳು. ಅಪ್ಪ ಬಾಗಿ ನೋಡಿದರು. “ಎಲ್ಲಿದೆ? ಏನೂ ಇಲ್ಲ.”

“ಕಣ್ಣಲ್ಲಿ ಬೇಡ. ಕೈಯಲ್ಲಿ ನೋಡಿ.”

ಅಪ್ಪನ ಬೆರಳು ಬಾಗಿಲ ಮೇಲೆ ಸರಿಯಿತು. ನುಣುಪು ತಗಡು, ಅದರ ನಡುವೆ ಒಂದು ಸಣ್ಣ ಉಬ್ಬು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಸಾಲಾಗಿ ಏಳೆಂಟು.

“ಇದು?”

“ನಮ್ಮ ಗೇಟಿನ ಕಂಬ. ಹೋದ ವರ್ಷ.”

“ಇದು?”

“ಹಾಲಿನಂಗಡಿ ಕಟ್ಟೆ.”

“ಅವಳು ಕಲ್ಲು ಸಿಡೀತು ಅಂದ್ಲು.”

“ಇಷ್ಟೊಂದು ಕಲ್ಲು ಯಾವ ರಸ್ತೆಯಲ್ಲಿ ಸಿಡಿಯತ್ತೆ ಅಪ್ಪ? ಪ್ರತಿ ಭಾನುವಾರ ನೀವು ಮಲಗಿದ್ದಾಗ ಕೂತ್ಕೊಂಡು ಹಚ್ತಿದ್ದಳು.”

ಹೇಳಿದ ಮೇಲೆ ಅವಳಿಗೆ ಹಗುರ ಅನ್ನಿಸಲಿಲ್ಲ. ಅಪ್ಪ ಬೆರಳು ಸರಿಸುತ್ತ ಹಿಂದಕ್ಕೆ ಹೋದರು. ವ್ಯಾನಿನ ಚಾಲಕ ಕೊನೆಗೂ ಗಂಟಲು ಸರಿಮಾಡಿಕೊಂಡ.

“ಮೇಷ್ಟ್ರೇ… ಹನ್ನೊಂದು ತಪ್ಪಿದ್ರೆ ಮೂರು ಗಂಟೆಗೆ ಹಾಕ್ತಾರೆ.”

“ಕಾಯೋ. ಅವಸರ ಮಾಡೋನು ಗೇರ್ ಮುರೀತಾನೆ ಅಂತ ಹೇಳಿರಲಿಲ್ವಾ?”

“ಏನೋ ಅದು, ಹೊರಡೋದಾ ಇಲ್ವಾ?” ಎಂದು ಅತ್ತೆ ಒಳಗಿನಿಂದ ಕೂಗಿದರು. “ಇಲ್ಲಿ ಬೆಂದುಹೋಗ್ತಿದೀನಿ.”

ಹಿಂದಿನ ಚಕ್ರದ ಮೇಲುಗಡೆ ಅಪ್ಪನ ಬೆರಳು ನಿಂತಿತು. “ಇದು ಒರಟಾಗಿದೆ.”

“ಪ್ರೈಮರ್ ಅಷ್ಟೆ ಆಗಿತ್ತು. ಈ ಭಾನುವಾರ ಬಣ್ಣ ಹಚ್ಚಬೇಕಿತ್ತು.” ಎದೆನೋವೆಂದು ಅಮ್ಮ ಕುಸಿದದ್ದು ಶುಕ್ರವಾರ.

ಅಪ್ಪ ಬೆರಳು ತೆಗೆಯಲಿಲ್ಲ. “ನೀನೂ ಹೇಳಲಿಲ್ಲವಲ್ಲ.”

“ಹೇಳಿದ್ರೆ ಜನ್ಮದಲ್ಲಿ ನನ್ನ ಮಾತಾಡಿಸಲ್ಲ ಅಂದಿದ್ಲು. ಅವಳ ಮೇಲೆ ನಂಗೆ ಎಷ್ಟು ಸಿಟ್ಟಿದೆ ಗೊತ್ತಾ ಅಪ್ಪ? ಅಳೋಕೂ ಬಿಡ್ತಿಲ್ಲ ಈ ಸಿಟ್ಟು.”

“ಯಾರಿಗೂ ಗುದ್ದಿಲ್ಲ ನಾನು,” ಎಂದರು ಅಪ್ಪ. ಮೊದಲಿನ ಜೋರು ಇರಲಿಲ್ಲ. “ಒಬ್ಬರಿಗೂ ಗುದ್ದಿಲ್ಲ.”

ಅದು ಸುಳ್ಳಲ್ಲ. ಕಾರು ತಾಗಿದ್ದು ಗೇಟಿನ ಕಂಬಕ್ಕೆ, ಅಮ್ಮ ಗೇಟು ತೆರೆಯಲು ಕೆಳಗಿಳಿದಿದ್ದಾಗ. ಕಟ್ಟೆಗೆ, ಅಮ್ಮ ಹಾಲು ತರಲು ಹೋಗಿದ್ದಾಗ. ಅವಳು ಸೀಟಿನಲ್ಲಿ ಕೂತಿದ್ದಾಗ ಯಾವುದಕ್ಕೂ ತಾಗಿರಲಿಲ್ಲ. ಇಷ್ಟು ದಿನ ಲೆಕ್ಕಕ್ಕೇ ಬಾರದಿದ್ದದ್ದು ಮಗಳಿಗೆ ಈಗ ಹೊಳೆಯಿತು.

*

ಎರಡು ತಿಂಗಳ ಹಿಂದೆ ಮಗಳು ಇದೇ ಕಾರಿನ ಹಿಂದಿನ ಸೀಟಿನಲ್ಲಿದ್ದಳು. ಹತ್ತಿದಾಗಿನಿಂದ ಅಮ್ಮನ ಬಾಯಿಗೆ ಬಿಡುವಿರಲಿಲ್ಲ.

“ನೋಡಿ, ಎಡಗಡೆ ಆ ಹುಡುಗಿ. ಸೈಕಲ್ ಮೇಲೆ ಎಷ್ಟು ಪುಸ್ತಕ ಹೇರ್ಕೊಂಡಿದ್ದಾಳೆ, ಪಾಪ.” ಅಪ್ಪ ಕಾರನ್ನು ಬಲಕ್ಕೆ ಸರಿಸಿದರು. “ಅಯ್ಯೋ, ಆ ಛತ್ರಿ ಮುದುಕರು ರಸ್ತೆಗೇ ಇಳಿದ್ರಲ್ಲ!” ಅಪ್ಪ ಬ್ರೇಕು ಒತ್ತಿದರು. “ಈ ನಾಯಿಗೆ ಯಾರೂ ಊಟ ಹಾಕಲ್ವೇನೋ, ಹೇಗೆ ಅಡ್ಡಡ್ಡ ಬರ್ತಿದೆ ನೋಡಿ.”

“ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ಕೂರ್ತೀಯಾ?” ಎಂದು ಅಪ್ಪ ರೇಗಿದರು. “ಓಡಿಸೋರ ತಲೆ ತಿನ್ನಬಾರದು ಅಂತ ಮೊದಲ ದಿನವೇ ಕಲಿಸ್ತೀನಿ ನಾನು.”

“ಆಯ್ತಪ್ಪ, ಮುಚ್ಚಿದೆ,” ಎಂದಳು ಅಮ್ಮ. ಮರುಕ್ಷಣವೇ, “ಆ ಬಸ್ಸಿನಿಂದ ಎಷ್ಟು ಜನ ಇಳೀತಿದ್ದಾರೆ ನೋಡಿ, ಎಡಗಡೆ.”

ಈ ವಟವಟ ಹೇಗೆ ಸಹಿಸುತ್ತಾರೋ ಎಂದು ಮಗಳು ಅಂದು ಅಪ್ಪನ ಬಗ್ಗೆಯೇ ಮರುಗಿದ್ದಳು.

*

ಅಪ್ಪ ನೆಟ್ಟಗೆ ನಿಂತರು. ಜೇಬಿಗೆ ಕೈಹಾಕಿ ಕೀ ತೆಗೆದು ಮಗಳ ಕೈಯಲ್ಲಿಟ್ಟರು.

“ಎರಡನೇ ಗೇರ್ ಬಿಗಿ ಇದೆ. ಗುದ್ದಬೇಡ, ಮೆಲ್ಲಗೆ ಕೂರಿಸು.”

“ಇವಳಾ ಓಡಿಸೋದು?” ಎಂದರು ಅತ್ತೆ. “ಹಾಗಾದ್ರೆ ನಾನು ಇಳೀತೀನಿ.” ಅಂದರೇ ಹೊರತು ಇಳಿಯಲಿಲ್ಲ.

ವ್ಯಾನು ಹೊರಟಿತು. ಮಗಳು ಚಾಲಕನ ಸೀಟಿನಲ್ಲಿ ಕೂತು ಎಂಜಿನ್ ಶುರುಮಾಡಿದಳು. ಅಪ್ಪ ಮುಂದಕ್ಕೆ ಬಂದು ಎಡಬಾಗಿಲು ತೆಗೆದು ಕೂತರು. ಸೀಟು ಅಮ್ಮನ ಅಳತೆಗೆ ಮುಂದಕ್ಕಿತ್ತು, ಅವರ ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತಿತು. ಅವರು ಅದನ್ನು ಹಿಂದಕ್ಕೆ ಸರಿಸಲಿಲ್ಲ.

“ಬೆಲ್ಟ್ ಅಪ್ಪ,” ಎಂದಳು ಮಗಳು.

“ಹೂಂ,” ಎಂದರು ಅಪ್ಪ. ಈ ಕಾರನ್ನು ಹತ್ತೊಂಬತ್ತು ವರ್ಷ ಓಡಿಸಿದ ರೂಢಿಯಲ್ಲಿ ಅವರ ಬಲಗೈ ಬಲಹೆಗಲ ಹಿಂದಕ್ಕೆ ಹೋಗಿ, ಎರಡು ಸೀಟುಗಳ ನಡುವಿನ ಖಾಲಿ ಜಾಗದಲ್ಲಿ ಬೆಲ್ಟಿಗಾಗಿ ತಡಕಾಡುತ್ತಿತ್ತು.