ಘಾಟಿಯ ಕೆಳಗಿನ ಸಭೆ

ಸಭೆಯಲ್ಲಿ ಬೆಟ್ಟದವರ ವಿಷಯ ಯಾವಾಗಲೂ ಕಟ್ಟಕಡೆಗೇ ಬರುತ್ತಿತ್ತು. ಯಾಕೆಂದು ದೊಡ್ಡಗಾಜನೂರಿನ ಪುಟ್ಟನಂಜಮ್ಮನಿಗೆ ಹೊಳೆಯಲು ವರ್ಷಗಳೇ ಬೇಕಾದವು. ಕತ್ತಲಾದರೆ ದಿಂಬಂ ಘಾಟಿಯ ಕಾಡುರಸ್ತೆಗೆ ಗೇಟು ಬೀಳುತ್ತದೆ. ನಾಲ್ಕರ ಬಸ್ಸು ತಪ್ಪಿದರೆ ಬೆಟ್ಟದ ಮೇಲಿನ ತಾಳವಾಡಿಯವರು ಸಭೆ ನಡೆಯುವ ಸತ್ಯಮಂಗಲದಲ್ಲೇ ರಾತ್ರಿ ಉಳಿಯಬೇಕು. ಹಾಗಾಗಿ ಅವರು ಮೊದಲೇ ಎದ್ದು ಹೋಗುತ್ತಿದ್ದರು. ಹೋದ ಮೇಲೆ ಅವರ ವಿಷಯ ಓದಿ, ಕೆಳಗಿನವರು ಚಪ್ಪಾಳೆ ತಟ್ಟಿಯೇ ಪಾಸು ಮಾಡಿ ಮುಗಿಸುತ್ತಿದ್ದರು.

ಅದು ರೈತರ ಕಂಪನಿ. ಬೆಟ್ಟದವರೂ ಕೆಳಗಿನವರೂ ಷೇರು ಹಾಕಿ ಕಟ್ಟಿದ್ದು. ನಿರ್ದೇಶಕರಲ್ಲಿ ಬೆಟ್ಟದ ಪಾಲಿಗೆ ಪುಟ್ಟನಂಜಮ್ಮ ಒಬ್ಬಳೇ. ಅದೂ ಹೆಂಗಸೊಬ್ಬಳು ಇರಲಿ ಅಂತ. ಈ ಸಲದ ಕಡೆಯ ವಿಷಯ, ತಾಳವಾಡಿಯ ತರಕಾರಿ ಶೆಡ್ಡು ಮುಚ್ಚುವುದು. ಅದು ಹೋದರೆ ಕೋಸನ್ನು ಘಾಟಿ ಇಳಿಸಿ, ಕೆಳಗಿನವರು ಹೇಳಿದ ಬೆಲೆಗೆ ಸುರಿದು ಹೋಗಬೇಕು.

ಬಸ್ಸಿಗೆ ಹೊತ್ತಾಯಿತು. ಪಕ್ಕದ ಹೊಲದ ಮಲ್ಲಪ್ಪ ಚೀಲ ಎತ್ತಿಕೊಂಡು ಕಣ್ಣಲ್ಲೇ ಕರೆದ. ಪುಟ್ಟನಂಜಮ್ಮ ಎದ್ದಳು, ಬಾಗಿಲಿಗೆ ಹೋಗಲಿಲ್ಲ. ಅಲ್ಲೇ ನಿಂತಳು.

ಅವರ ಊರಲ್ಲಿ ಗುಡಿಯ ಜಗಲಿ ಮೇಲೆ ಜನ ಸೇರಿದಾಗ, ಮಾತಿರುವವರು ಒಬ್ಬರು ನಿಂತಿದ್ದರೂ ಯಜಮಾನ ಮುಗಿಯಿತು ಅನ್ನುವ ಹಾಗಿಲ್ಲ. ಒಮ್ಮೆ ಮಾದೇವಮ್ಮ ಎಂಬಾಕೆ ದೀಪ ಹಚ್ಚುವ ಹೊತ್ತಿನ ತನಕ ನಿಂತಿದ್ದಳು. ಯಾರೂ ಊಟಕ್ಕೆ ಏಳಲಿಲ್ಲ.

ಕಂಪನಿಯ ಅಧ್ಯಕ್ಷರು, ಎಲ್ಲರೂ ತಲೈವರ್ ಅನ್ನುವವರು, ಕೂತುಕೊಳ್ಳಿ ಅಮ್ಮ ಎಂದು ತಮಿಳಿನಲ್ಲಿ ಹೇಳಿದರು. ಮೆತ್ತನೆಯ ಕುರ್ಚಿ ತರಿಸಿದರು. ಟೀ ತರಿಸಿದರು. ಟೀಯನ್ನು ಅವಳು ನಿಂತೇ ಕುಡಿದಳು. ಅಜ್ಜಿಗೆ ಮೂಲವ್ಯಾಧಿ ಇರಬೇಕು ಎಂದು ಹಿಂದಿನಿಂದ ಯಾರೋ ನಗಾಡಿದರು.

"ಅದೆಲ್ಲ ಇಲ್ಲ ಕಣಪ್ಪ. ಕೂತ್ರೆ ನಾನೂ ಚಪ್ಪಾಳೆ ತಟ್ದೆ ಅಂದ್ಕೋತೀರಿ, ಅದ್ಕೇ ನಿಂತಿವ್ನಿ."

ಬಾಗಿಲಲ್ಲಿ ಮಲ್ಲಪ್ಪ ಚಡಪಡಿಸಿದ. "ಅಕ್ಕ, ಬಸ್ಸು ಒರಡ್ತದೆ."

"ಓಗ್ಲಿ ಬುಡ್ಲಾ. ಬಸ್ಸು ನಾಳ್ಕೂ ಬತ್ತದೆ. ಶೆಡ್ಡು ಓದ್ರೆ ಬರಾಕಿಲ್ಲ."

ಮಲ್ಲಪ್ಪ ಚೀಲ ಇಳಿಸಿ ಬಂದು ಪಕ್ಕದಲ್ಲಿ ನಿಂತ. ಹೊರಗೆ ಹೋಗಿದ್ದ ಬೆಟ್ಟದವರೂ ಒಬ್ಬೊಬ್ಬರಾಗಿ ತಿರುಗಿ ಬಂದರು. ಯಾರೂ ಕೂರಲಿಲ್ಲ.

ತಲೈವರ್ ವಿಷಯವನ್ನು ಗಡಿಬಿಡಿಯಲ್ಲಿ ಓದಿದರು. ಮುಂದಿನ ಸಾಲಲ್ಲಿ ತೆಳ್ಳಗೆ ಚಪ್ಪಾಳೆ ಎದ್ದು ಅಲ್ಲೇ ಸತ್ತಿತು.

"ಚಪ್ಪಾಳೆ ಬ್ಯಾಡ. ಕೈ ಎತ್ಸಿ, ಎಣ್ಸಿ," ಎಂದಳು ಪುಟ್ಟನಂಜಮ್ಮ.

ನಮ್ಮ ಕಡೆ ಹೀಗೇ ನಡೆಯುವುದು ಎಂದರು ತಲೈವರ್.

"ಕಂಪ್ನಿ ನಮ್ದೂ ಅಲ್ವ? ನಮ್ ಕಡೆಯಂಗೂ ಒಂದ್ಸಲ ನಡೀಲಿ."

ತಲೈವರ್ ಸಭೆಯತ್ತ ಕಣ್ಣಾಡಿಸಿದರು. ಹೇಗಿದ್ದರೂ ಪಾಸಾಗುತ್ತದೆಂದು ಅವರ ಕಡೆಯವರು ಮುಕ್ಕಾಲುಪಾಲು ಊಟ ಮುಗಿಸಿ ಮನೆಗೆ ಹೋಗಿದ್ದರು. ಎಣಿಸಿದರೆ ಸೋಲು. ವಿಷಯ ಮುಂದಿನ ಸಭೆಗೆ ಎಂದರು.

"ಎಲ್ಲಿ?"

ಇಲ್ಲೇ ಎಂದರು. ಅವಳು ಕದಲಲಿಲ್ಲ. ನಿಂತಿದ್ದವರೂ ಕದಲಲಿಲ್ಲ. ಹೊರಗೆ ಬಸ್ಸಿನ ಹಾರನ್ ಕೇಳಿಸಿ ದೂರವಾಯಿತು. ಈಗ ಇವರಿಗೆ ಹೋಗುವ ಅವಸರವೇ ಇಲ್ಲ ಎಂಬುದು ತಲೈವರಿಗೆ ಆಗ ಹೊಳೆದಿರಬೇಕು.

ತಾಳವಾಡಿಯಲ್ಲಿ ಎಂದರು, ಕನ್ನಡಕ ಒರೆಸಿಕೊಳ್ಳುತ್ತ.

ಗುಮಾಸ್ತ ಅದನ್ನು ಬರೆದು ಓದಿ ಹೇಳಿದ ಮೇಲೆ ಪುಟ್ಟನಂಜಮ್ಮ ಆ ಮೆತ್ತನೆಯ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡಳು.

"ಎಲ್ರೂ ಬನ್ನಿ. ನಿಮ್ ವಿಷ್ಯಾನ ನಾವು ಕಡೇಗ್ ಇಕ್ಕಾಕಿಲ್ಲ. ಗೇಟು ಬೀಳಾಕ್ ಮುಂಚೆ ಇಳ್ದು ಓಗೀರಂತೆ."