ನಡುವೆ ಒಂದು ರೇಡಿಯೋ

ನಮ್ಮ ಮನೆಯವರಿಗೂ ಅವರ ತಮ್ಮ ನಾರಾಯಣಪ್ಪನಿಗೂ ಮಾತು ಬಿಟ್ಟದ್ದು ಮೆಟ್ಟೂರು ಅಣೆಯಿಂದ. ಅಣೆ ಕಟ್ಟಿ ಮುಗಿದ ವರ್ಷ ಮೈದುನ, "ಇದು ಒಡೆದೇ ಒಡೀತೈತೆ" ಅಂದ. ಇವರು "ನಿಲ್ತೈತೆ" ಅಂದರು. ಅಣೆಯೂ ನಿಂತಿತು, ಇಬ್ಬರ ಮಾತೂ ನಿಂತಿತು. ಒಡೆದಿದ್ದರೇ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ, ದೇವರು ಕ್ಷಮಿಸಲಿ.

ಒಂದೇ ಮನೆ, ಒಂದೇ ಒಲೆ, ಅಕ್ಕಪಕ್ಕ ಎರಡು ಮಗ್ಗ. ನಡುವೆ ನಾನು. "ಕಣ್ಣಮ್ಮ, ಸುಣ್ಣದ ಡಬ್ಬಿ ಕೊಡಾಕೆ ಅವನಿಗೆ ಯೋಳು." "ಅತ್ತಿಗೆ, ಸುಣ್ಣ ಮುಗ್ದೈತೆ ಅಂತ ಅವರಿಗೆ ಯೋಳಿ." ಇಬ್ಬರ ಕಿವಿಗೂ ಏನೂ ಆಗಿರಲಿಲ್ಲ. ಆದರೂ ನಾನು ಇನ್ನೊಂದು ಸಲ ಹೇಳಿದ ಮೇಲೆಯೇ ಕೇಳಿಸಿತು ಅಂತ ಲೆಕ್ಕ.

ಪಾವು ಹಾಕುವ ದಿನವಂತೂ ನನ್ನ ಪ್ರಾಣ ಹೋಗುತ್ತಿತ್ತು. ಸೀರೆಯ ಉದ್ದದ ನೂಲನ್ನು ಬೀದಿಯ ಆ ತುದಿಯಿಂದ ಈ ತುದಿಗೆ ಹಾಸಿ, ಗಂಜಿ ಹಚ್ಚಿ, ತುದಿಗೊಬ್ಬರು ನಿಂತು ಎಳೆದು ಒಣಗಿಸಬೇಕು. ಸೇಲಂನ ನೇಕಾರರೆಲ್ಲ ಕೂಗಾಡಿಕೊಂಡು ಮಾಡುವ ಕೆಲಸ ಇದು. ನಮ್ಮ ಮನೆಯಲ್ಲಿ ಮಾತ್ರ "ಎಳೀ ಅನ್ನು" ಅಂತ ಇವರು ಅಂದರೆ ನಾನು ಆ ತುದಿಗೆ ಓಡಬೇಕು, "ಸಡಿಲ ಬಿಡಾಕೆ ಯೋಳಿ" ಅಂತ ಮೈದುನ ಅಂದರೆ ಈ ತುದಿಗೆ ಓಡಬೇಕು. ಎದುರುಮನೆ ಚಿನ್ನತಾಯಿ ಜಗಲಿ ಮೇಲೆ ಕೂತು, "ಏನ್ ಕಣ್ಣಮ್ಮ, ತಂತಿ ಆಪೀಸು ತೆಗೆದ್ಯಾ?" ಅಂತ ಹಲ್ಲು ಕಿರಿಯುತ್ತಿದ್ದಳು.

ಹೀಗಿರುವಾಗ ಎಡಪ್ಪಾಡಿಯಲ್ಲಿ ನನ್ನ ತಂಗಿ ಚೆಲ್ಲಮ್ಮನಿಗೆ ದಿನ ತುಂಬುತ್ತಾ ಬಂತು. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆ. ನಾನು ಹೋಗದೆ ಇನ್ಯಾರು ಹೋಗಬೇಕು?

"ನೀ ಒಂಟೋದ್ರೆ ಪಾವಿನ ಗತಿ?" ಅಂದರು ಇವರು. ಮೈದುನನೂ ಅದನ್ನೇ ಕೇಳಿದ. ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು ಒಂದಾದದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಪುಣ್ಯಕ್ಕೆ ಅದೇ ವಾರ ನೂಲಿನಂಗಡಿ ಅರುಣಾಚಲಂ ಹೊಸ ರೇಡಿಯೋ ತರಿಸಿ ಹಳೆಯದನ್ನು ನಮಗೆ ಕೊಟ್ಟರು. ನಮ್ಮ ಬೀದಿಗೆ ಆಗಲೇ ಕರೆಂಟು ಬಂದಿತ್ತು. ಮದರಾಸಿನ ಹಾಡು ಬರುತ್ತದೆ ಅಂದಿದ್ದರು. ಬಂದದ್ದು ಹೆಚ್ಚಾಗಿ ಗೊರಗೊರ ಸದ್ದೇ. ನಾನು ಅದನ್ನು ಎರಡು ಮಗ್ಗದ ನಡುವೆ ಇಟ್ಟೆ.

"ಇನ್ಮೇಲೆ ಇದಕ್ಕೆ ಯೋಳಿ. ಮದರಾಸಿಂದ ಸೇಲಂಗೆ ಮಾತು ತರೋದು, ಈ ಮಗ್ಗದಿಂದ ಆ ಮಗ್ಗಕ್ಕೆ ತರಾಕಿಲ್ವಾ?"

ಇಬ್ಬರೂ ಗಂಭೀರವಾಗಿ ಯೋಚಿಸಿದರು. ಕೊನೆಗೆ ಮೈದುನ ಅದರ ಕಡೆ ತಿರುಗಿ, "ಎಲೆ ಅಡಿಕೆ ಕೊಡಾಕೆ ಅವರಿಗೆ ಯೋಳು" ಅಂದ. ರೇಡಿಯೋ ಗೊರ್ ಅಂದಿತು. ಇವರು ಎಲೆ ತಟ್ಟೆಯನ್ನು ಆ ಕಡೆ ತಳ್ಳಿದರು. ರೇಡಿಯೋ ಆರಿಸಿದ್ದಾಗ ಮಾತ್ರ ಅದಕ್ಕೆ ಏನೂ ಹೇಳಕೂಡದು, ಮಲಗಿರುವವರ ಕೈಲಿ ಹೇಳಿಸಬಾರದು ಅಂತ ಕಟ್ಟಳೆಯೂ ಆಯಿತು. ನಾನು ಗಂಟು ಕಟ್ಟಿ ಬಸ್ಸು ಹತ್ತಿದೆ.

ಚೆಲ್ಲಮ್ಮನಿಗೆ ಹೆಣ್ಣುಮಗು. ಬಾಣಂತಿ ಮುಂದೆ ಕೂತು ಹಗಲೆಲ್ಲ ಹರಟಿದೆ. ಎಷ್ಟೋ ವರ್ಷದ ಮೇಲೆ ನನ್ನ ಮಾತನ್ನು ನಾನು ಆಡಿದೆ. ಸುಳ್ಳೇಕೆ, ಮನೆಯ ನೆನಪೇ ಬರಲಿಲ್ಲ.

ತಿರುಗಿ ಬಂದಾಗ ಬೀದಿಯ ತುದಿಗೇ ಗಲಾಟೆ ಕೇಳಿಸಿತು. ನಮ್ಮ ಜಗಲಿ ಮೇಲೆ ರೇಡಿಯೋ ಕೂತಿತ್ತು, ಮೈತುಂಬ ಗಂಜಿ. ಅದರ ಎರಡು ಪಕ್ಕದಲ್ಲಿ ಇವರಿಬ್ಬರು.

"ನೀನೇ ಕಣ್ಲಾ ಗಂಜಿ ಉಯ್ದು ಕೆಡಿಸಿದ್ದು!"

"ಪಾವಿಗೆ ಅಂತ ಇದನ್ನ ಬೀದಿಗೆ ತಂದಿಕ್ಕಿದ್ದು ಯಾರು? ನೀನಲ್ವಾ?"

ನೇರವಾಗಿ! ಒಬ್ಬರ ಮುಖ ಒಬ್ಬರು ನೋಡಿಕೊಂಡು!

"ಬೆಳಗಿಂದ ಇಂಗೇಯಾ," ಅಂದಳು ಚಿನ್ನತಾಯಿ. "ಬೈಕೊಂಡೇ ಪಾವು ಎಳೆದ್ರು. ನೋಡು, ಎಷ್ಟು ಚೆಂದಾಗಿ ಬಂದೈತೆ."

ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಇಬ್ಬರೂ ನನ್ನನ್ನು ನೋಡಿದರು. ತಕ್ಷಣ ಇವರು ಆ ಕಡೆ ತಿರುಗಿದರು, ಮೈದುನ ಈ ಕಡೆ ತಿರುಗಿದ.

"ಕಣ್ಣಮ್ಮ, ಅವನಿಗೆ ಯೋಳು..."

"ಅತ್ತಿಗೆ, ಅವರಿಗೆ ಯೋಳಿ..."

ನಾನು ಗಂಟನ್ನು ಕೆಳಗಿಟ್ಟು ಜಗಲಿ ಹತ್ತಿ ರೇಡಿಯೋ ಪಕ್ಕದಲ್ಲೇ ಕೂತೆ.

"ನಾನೂ ಕೆಟ್ಟೋಗಿವ್ನಿ," ಅಂದೆ.

ಇವರು ಕೆಮ್ಮಿದರು, ಆಕಾಶ ನೋಡಿದರು, ಮತ್ತೆ ಕೆಮ್ಮಿದರು.

"ಲೇ ನಾರಾಯಣ, ರಿಪೇರಿ ಮಾಡೋರು ಯಾರಾನ ಅವ್ರೇನ್ಲಾ?"

ಮೈದುನ ಬಹಳ ಹೊತ್ತು ತಲೆ ಕೆರೆದುಕೊಂಡ. "ಯಾವುದಕ್ಕಣ್ಣ? ರೇಡಿಯೋಗಾ, ಅತ್ತಿಗೆಗಾ?"

ಎರಡನ್ನೂ ಮುಟ್ಟಬೇಡಿ ಅಂತ ಕೂಗಬೇಕು ಅನ್ನಿಸಿತು. ಆದರೆ ನಾನು ಕೆಟ್ಟುಹೋಗಿದ್ದೆನಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು ಸುಮ್ಮನೆ ಕೂತೆ.