ಯಾರ ಕೈಯಲ್ಲಿತ್ತು ವ್ಯಾನು

“ವಾರವೆಲ್ಲಾ ಸ್ಟೇರಿಂಗು ತಿರುಗಿಸಿ ಅತ್ತಿಗೆ ಕೈ ಸವೆದುಹೋಗಿದೆ. ಈ ಎರಡು ದಿನ ಮಹಾರಾಣಿ ಥರ ಹಿಂದೆ ಕೂತ್ಕೊಳ್ಲಿ. ಏನಂತೀಯೋ?” ಎಂದ ಗುಂಡ.

ಅವಳ ಗಂಡ ಏನಂದಾನು? ಗೆಳೆಯ ಕುಣಿ ಎಂದರೆ ಕುಣಿಯುವ ಆಸಾಮಿ. ಹೆಂಡತಿಯ ಕೈಯಿಂದ ಕೀಲಿ ಕಸಿದುಕೊಂಡು ಡ್ರೈವರ್ ಸೀಟಿಗೆ ಏರಿಯೇಬಿಟ್ಟ.

ಅವಳು ಸಿಟಿ ಬಸ್ಸಿನ ಡ್ರೈವರು. ತಳ್ಳುಗಾಡಿ, ಸೈಕಲ್ಲು, ನಾಯಿ, ನಡುರಸ್ತೆಯಲ್ಲೇ ನಿಂತು ಹರಟುವ ಜನ, ಎಲ್ಲರನ್ನೂ ತಪ್ಪಿಸಿಕೊಂಡು ಆನೆಯಂಥ ಬಸ್ಸನ್ನು ಇಷ್ಟು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವಳು. ಗಂಡ ಚಪ್ಪಲಿ ಅಂಗಡಿಯ ಸೇಲ್ಸ್‌ಮನ್. ಅವನಿಗೂ ಲೈಸೆನ್ಸು ಇತ್ತು ನಿಜ. ಆದರೆ ಅದು ಪರ್ಸಿನೊಳಗೆ ತಣ್ಣಗೆ ಮಲಗಿತ್ತು.

ಎರಡು ದಿನದ ಸುತ್ತಾಟಕ್ಕೆಂದು ಅವಳು ಕೇಳಿ ತಂದ ವ್ಯಾನು ಡಿಪೋ ಮೇಸ್ತ್ರಿಯದು. ಹೊಸ ಡ್ರೈವರುಗಳಿಗೆ ಕಲಿಸುವ ಕೆಲಸ ಅವರದು, ತಿಂಗಳ ಕೊನೆಗೆ ನಿವೃತ್ತಿ. ತಮ್ಮ ಜಾಗಕ್ಕೆ ಯಾರೆಂದು ಸೋಮವಾರ ಅವರೇ ಹೆಸರು ಹೇಳಬೇಕಿತ್ತು. ಅವಳದೇ ಹೆಸರು ಎಂದು ಡಿಪೋ ತುಂಬಾ ಗುಸುಗುಸು. ಕೀಲಿ ಕೊಡುವಾಗ ಮೇಸ್ತ್ರಿ ಒಂದೇ ಮಾತು ಹೇಳಿದ್ದರು: “ನಿನ್ನ ಕೈಗೆ ಕೊಡ್ತಿದೀನಿ ತಾಯಿ. ಇನ್ನೊಬ್ಬರ ಕೈಗಲ್ಲ.”

ಹೂಂ ಅಂದು ಬಂದಿದ್ದಳು. ಈಗ ಗೆಳೆಯನ ಎದುರು ಗಂಡನ ಕೈಯಿಂದ ಕೀಲಿ ಕಿತ್ತುಕೊಳ್ಳುವುದು ಹೇಗೆ? ಹಲ್ಲು ಕಚ್ಚಿಕೊಂಡು ಹಿಂದಿನ ಸೀಟಿಗೆ ಹೋದಳು. ಪಕ್ಕದಲ್ಲಿ ಗುಂಡನ ಹೆಂಡತಿ, ಆಸ್ಪತ್ರೆಯ ನರ್ಸು, ಊಟದ ಡಬ್ಬಿಯನ್ನು ಮಗುವಿನಂತೆ ತಬ್ಬಿ ಕೂತಿದ್ದಳು.

ಶನಿವಾರ ಕೆರೆಗೆ ಹೋದರು. ಗಂಡ ಬ್ರೇಕು ಒತ್ತಿದ ರಭಸಕ್ಕೆ ಡಬ್ಬಿ ನರ್ಸಮ್ಮನ ಕೈ ತಪ್ಪಿ, ಅರ್ಧ ಊಟ ವ್ಯಾನಿನ ನೆಲದ ಪಾಲಾಯಿತು. ಫೋಟೋ ತೆಗಿ ಎಂದು ದೋಣಿಯಲ್ಲಿ ಎದ್ದು ನಿಂತ ಗುಂಡ ಮೂಟೆಯಂತೆ ನೀರಿಗೆ ಬಿದ್ದ. ಅಂಬಿಗ ಅವನ ಬೆಲ್ಟು ಹಿಡಿದು ಮೇಲಕ್ಕೆಳೆದಾಗ ಅವಳಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು ಅನ್ನಿ.

ಹೊರಡುವಾಗ ವ್ಯಾನು ಹಿಂದಕ್ಕೆ ತೆಗೆಯಬೇಕಾಯಿತು. ಅವಳು ಇಳಿದು ಹಿಂದೆ ನಿಂತಳು.

“ಸಾಕು! ನಿಲ್ಸಿ! ರೀ, ನಿಲ್ಸೀಂದ್ರೆ!”

ಒಳಗೆ ಟವೆಲ್ಲು ಸುತ್ತಿಕೊಂಡ ಗುಂಡ ಹಾಡು ಜೋರಾಗಿ ಹಾಕಿದ್ದ. ಗಂಡ ಕನ್ನಡಿಯಲ್ಲಿ ಅವಳು ಎತ್ತಿದ ಕೈ ನೋಡಿ, “ನೋಡೋ, ಇಲ್ಲೂ ಡ್ಯೂಟಿ ಶುರು ಮಾಡಿದ್ಲು!” ಎಂದು ನಗುತ್ತಾ ಹಿಂದಕ್ಕೆ ಬಂದೇಬಂದ. ಅವಳು ಪಕ್ಕಕ್ಕೆ ಹಾರಿದಳು. ವ್ಯಾನು ಹೋಗಿ ಕಲ್ಲುಕಂಬಕ್ಕೆ ಬಡಿಯಿತು. ಹಿಂದಿನ ಬಾಗಿಲು ತುಳಿದ ತಗಡಿನಂತೆ ಒಳಕ್ಕೆ ಹೋಯಿತು.

ಇಳಿದು ಬಂದವನು ಹೆಂಡತಿಗೆ ಪೆಟ್ಟಾಯಿತೇ ಎಂದು ಕೇಳಬೇಕಿತ್ತಲ್ಲವೇ? ಅದು ಬಿಟ್ಟು, “ಸರಿಯಾಗಿ ಹೇಳೋಕಾಗಲ್ವಾ ನಿಂಗೆ?” ಎಂದ.

ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು ಅವಳಿಗೆ.

ಭಾನುವಾರ ಬೆಳಿಗ್ಗೆ ಅವಳು ಏಳುವ ಮೊದಲೇ ಮಂಚದ ಹತ್ತಿರ ಟೀ ಬಂತು. ಎಂದೂ ಒಂದು ಲೋಟ ನೀರು ತಂದುಕೊಟ್ಟವನಲ್ಲ.

“ಮೇಸ್ತ್ರಿ ಹತ್ರ ನೀನೇ ಗುದ್ದಿದ್ದು ಅಂದ್ಬಿಡೇ. ನಿನಗಾದ್ರೆ ಏನೂ ಅನ್ನಲ್ಲ.”

“ನಾಳೆ ಅವರು ಹೆಸರು ಹೇಳೋದು ಗೊತ್ತಿದೆ ತಾನೆ?”

“ಒಂದು ಬಾಗಿಲಿಗೆ ಯಾರಾದ್ರೂ ಹೆಸರು ತಪ್ಪಿಸ್ತಾರಾ? ನನ್ನ ಮರ್ಯಾದೆ ಉಳಿಯುತ್ತೆ ಅಷ್ಟೆ.”

ಅವಳು ಟೀ ಮುಟ್ಟಲಿಲ್ಲ. ಕೀಲಿ ತೆಗೆದುಕೊಂಡು ಹೋಗಿ ತಾನೇ ಡ್ರೈವರ್ ಸೀಟಿನಲ್ಲಿ ಕೂತಳು.

ಬೆಟ್ಟದ ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ಅವಳು ಮಣ್ಣಿನಲ್ಲಿ ಮಂಡಿಯೂರಿ ಚಕ್ರ ಬದಲಿಸುತ್ತಿದ್ದರೆ, ಗಂಡ ಪಕ್ಕದ ಟೀ ಅಂಗಡಿಯವನಿಗೆ ಒಳಕ್ಕೆ ಹೋದ ಬಾಗಿಲು ತೋರಿಸುತ್ತಾ ಕತೆ ಹೊಡೆಯುತ್ತಿದ್ದ.

“ನಮ್ಮೋಳು ಬಸ್ಸು ಓಡಿಸೋಳು ಸ್ವಾಮಿ. ವ್ಯಾನು ಚಿಕ್ಕದು ನೋಡಿ, ಅಂದಾಜು ಸಿಗ್ಲಿಲ್ಲ!”

ಗುಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಣ್ಣಾ, ನಾನೂ ವ್ಯಾನಲ್ಲೇ ಇದ್ದೆ,” ಎಂದಳು ನರ್ಸಮ್ಮ.

“ನೀನು ಸುಮ್ನಿರೇ, ಗಂಡಸರು ತಮಾಷೆಗೆ ಮಾತಾಡ್ತಾರೆ,” ಎಂದ ಗುಂಡ.

ಅವಳು ಕೊನೆಯ ಬೋಲ್ಟನ್ನು ಯಾರದೋ ಕುತ್ತಿಗೆ ತಿರುಚಿದ ಹಾಗೆ ಬಿಗಿದಳು.

ಸಂಜೆ ಗುಂಡನನ್ನೂ ಅವನ ಹೆಂಡತಿಯನ್ನೂ ಮನೆಗೆ ಬಿಟ್ಟು, ಗಂಡಹೆಂಡಿರಿಬ್ಬರೇ ಮೇಸ್ತ್ರಿಯ ಅಂಗಳಕ್ಕೆ ಬಂದರು. ಮೇಸ್ತ್ರಿ ವ್ಯಾನಿನ ಸುತ್ತ ಒಂದು ಸುತ್ತು ಬಂದರು. ಬಾಗಿಲಿನ ತಗ್ಗಿನ ಮೇಲೆ ಅಂಗೈ ಇಟ್ಟು ಕೇಳಿದರು, “ಯಾರ ಕೈಯಲ್ಲಿತ್ತು?”

ಡಿಪೋದಲ್ಲಿ ಅದೊಂದು ಕಟ್ಟುಪಾಡು. ಆ ಪ್ರಶ್ನೆಗೆ ಸ್ಟೇರಿಂಗು ಹಿಡಿದವರೇ ಬಾಯಿ ಬಿಡಬೇಕು. ಮಿಕ್ಕವರು ತುಟಿ ಪಿಟಕ್ಕೆನ್ನುವಂತಿಲ್ಲ. ತಾನಾಗಿ ಒಪ್ಪಿಕೊಂಡವರನ್ನು ಯಾರೂ ಬೈಯುವುದೂ ಇಲ್ಲ. ಅವಳು ಸುಮ್ಮನೆ ನಿಂತಳು. ಗಂಡ ಮೊಣಕೈಯಿಂದ ತಿವಿದ. ಆಗಲೂ ಸುಮ್ಮನೆ ನಿಂತಳು.

“ಅದು... ಇವಳಿಗೆ ಸ್ವಲ್ಪ ಅಂದಾಜು ತಪ್ತು ಸಾರ್,” ಎಂದ ಅವನು.

“ಸುಳ್ಳು!” ಅವಳ ದನಿಗೆ ಅಂಗಳದ ಕೋಳಿಗಳು ಚೆದುರಿದವು. “ಓಡಿಸಿದ್ದು ಇವರು. ನಿಲ್ಸಿ ಅಂತ ಗಂಟಲು ಹರ್ಕೊಂಡೆ, ನಗ್ತಾ ಬಂದು ಗುದ್ದಿದ್ರು. ಕೀಲಿ ಕಸ್ಕೊಂಡಾಗ ಬಿಟ್ಟಿದ್ದು ಮಾತ್ರ ನಾನು. ಅದಕ್ಕೆ ಬೈಸ್ಕೋತೀನಿ. ಗುದ್ದಿದ್ದಕ್ಕೆ ಬೈಸ್ಕೊಳ್ಳಲ್ಲ.”

ಮೇಸ್ತ್ರಿ ತಗ್ಗಿನ ಮೇಲಿಂದ ಕೈ ತೆಗೆದರು.

“ಬಾಗಿಲು ಬಡಿದು ಸರಿಮಾಡ್ಕೋಬಹುದು ತಾಯಿ. ಆದರೆ ಕಲಿಸೋ ಸೀಟಲ್ಲಿ ಕೂತೋರು, ಪಕ್ಕದವನು ತಪ್ಪು ತಿರುಗಿಸಿದ್ರೆ ಮುಲಾಜಿಲ್ಲದೆ ಸ್ಟೇರಿಂಗು ಕಿತ್ಕೋಬೇಕು. ನಾಳೆ ನಿನ್ನ ಹೆಸರು ಹೇಗೆ ಹೇಳ್ಲಿ ನಾನು?”

ಅವಳು ಕೀಲಿ ಅವರ ಕೈಗಿಟ್ಟು ಹೊರಟಳು.

ಬಸ್ ಸ್ಟಾಪಿನಲ್ಲಿ ಗಂಡ ಸಿಡಿದ. “ಹೊರಗಿನವರ ಮುಂದೆ ನನ್ನ ಮಾನ ತೆಗೆದ್ಯಲ್ಲೇ! ನಿನ್ನ ಗಂಟೇನು ಹೋಗ್ತಿತ್ತು?”

“ಹೋಯ್ತಲ್ಲ ರೀ, ಕಿವಿಗೆ ಬೀಳ್ಲಿಲ್ವಾ? ನಿಮ್ಮ ಮುಖ ಚಿಕ್ಕದಾಗುತ್ತೆ ಅಂತ ನಾನು ಕೀಲಿ ಬಿಟ್ಟೆ. ನನಗೂ ಒಂದು ಮುಖ ಇದೆ ಅಂತ ಈ ಎರಡು ದಿನದಲ್ಲಿ ಒಂದು ಸಲವಾದ್ರೂ ಅನ್ನಿಸ್ತಾ ನಿಮಗೆ?”

“ಸರಿ, ಈಗ ಮನೆಗೆ ಹೋಗಿ ಮಾತಾಡೋಣ.”

“ಮಾತಾಡೋಣ. ಆದರೆ ಈ ಸಲ ಹಾಡು ಹಾಕ್ಕೊಂಡು ಕೂತ್ಕೊಳ್ಳೋ ಹಾಗಿಲ್ಲ.”

ಬಸ್ಸು ಬಂತು. ಅವಳು ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು. ಗಂಡ ಹತ್ತಿರ ಬರುವಷ್ಟರಲ್ಲಿ ಪಕ್ಕದ ಖಾಲಿ ಸೀಟಿನ ಮೇಲೆ ತನ್ನ ಚೀಲ ಇಟ್ಟಳು. ಅವನು ಮೇಲಿನ ಕಂಬಿ ಹಿಡಿದುಕೊಂಡು ನಿಂತ.